ಗುಡ್ಡ ಅದೇ, ಸಾಹೇಬರು ಬೇರೆ

ಸುಬೇದಾರರಿಗೆ ಅವರ ಊರು ಹಂಸಭಾವಿಯಲ್ಲಿ ಶ್ರದ್ಧಾಂಜಲಿ ಸಭೆ ನಡೆದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾತಾಡಿದವರೆಲ್ಲ ಗುಡ್ಡ ಗೆದ್ದ ಕಥೆಯನ್ನೇ ಹೇಳಿದರು. ಒಬ್ಬರ ಭಾಷಣದಲ್ಲಿ ಸುಬೇದಾರರು ಒಬ್ಬರೇ ಬಾವುಟ ಹಿಡಿದು ತುದಿ ಮುಟ್ಟಿದರು. ಇನ್ನೊಬ್ಬರ ಭಾಷಣ ಮುಗಿಯುವ ಹೊತ್ತಿಗೆ ವೈರಿಯ ಬಂದೂಕನ್ನು ಬರಿಗೈಯಿಂದ ಕಸಿದುಕೊಂಡಿದ್ದರು. ಬದುಕಿದ್ದು ಇದನ್ನು ಕೇಳಿದ್ದರೆ ಮೆಲ್ಲಗೆ ಎದ್ದು ಹೋಗಿ ಚಹಾ ಮಾಡುವವನ ಹತ್ತಿರ ನಿಂತುಬಿಡುತ್ತಿದ್ದರು. ಅವರು ಗುಡ್ಡ ಏರಿದ್ದನ್ನು ನಾನು ನೋಡಿಲ್ಲ. ಅದಕ್ಕಿಂತ ಕಷ್ಟದ ಕೆಲಸವೊಂದನ್ನು ಯಲವಿಗಿಯ ಒಂದು ಮನೆಯ ಪಡಸಾಲೆಯಲ್ಲಿ ಮಾಡಿದ್ದನ್ನು ನೋಡಿದ್ದೇನೆ. ಅದನ್ನು ಆ ಸಭೆಯಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಸೇನೆಯಿಂದ ನಿವೃತ್ತರಾಗಿ ಬಂದ ಮೇಲೆ ಅವರು ಹಾನಗಲ್ಲಿನ ನಮ್ಮ ಶಾಲೆಗೆ ಡ್ರಿಲ್ ಮಾಸ್ತರರಾಗಿ ಬಂದರು. ನಾನು ಅಲ್ಲಿ ಇತಿಹಾಸ ಕಲಿಸುತ್ತೇನೆ. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಡ್ ಮಾಸ್ತರರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರಿಗೂ ಅವರು ಸುಬೇದಾರರು. ಮಿಲಿಟರಿಯವರೆಂದರೆ ದೊಡ್ಡ ಮೀಸೆ, ದೊಡ್ಡ ದನಿ ಅಂದುಕೊಂಡಿದ್ದ ನಮಗೆ ಮೊದಲ ದಿನವೇ ನಿರಾಸೆಯಾಯಿತು. ಮೀಸೆ ಇರಲಿಲ್ಲ. ದನಿಯಂತೂ ಮೈದಾನದ ಆಚೆ ಬರುತ್ತಲೇ ಇರಲಿಲ್ಲ. ಎಲ್ಲ ಕಡೆ ಕವಾಯತಿಗೆ ಎತ್ತರದ ಮಕ್ಕಳನ್ನು ಮುಂದೆ ನಿಲ್ಲಿಸಿದರೆ, ಇವರು ಎಲ್ಲರಿಗಿಂತ ಗಿಡ್ಡ ಇದ್ದ ಹುಡುಗಿಯನ್ನು ಮುಂದೆ ನಿಲ್ಲಿಸಿದರು. ನೋಡಲು ಚೆಂದ ಕಾಣುವುದಿಲ್ಲ ಎಂದು ಹೆಡ್ ಮಾಸ್ತರರು ಗೊಣಗಿದಾಗ, ಸಣ್ಣ ಕಾಲಿನವರು ಮುಂದಿದ್ದರೆ ಹಿಂದಿನವರು ಯಾರೂ ಓಡಬೇಕಾಗುವುದಿಲ್ಲ ಎಂದು ಸಮಜಾಯಿಷಿ ಕೊಟ್ಟರು. ನಮ್ಮ ಶಾಲೆಯ ಪರೇಡು ಆ ವರ್ಷ ಯಾವ ಬಹುಮಾನವನ್ನೂ ಗೆಲ್ಲಲಿಲ್ಲ. ಆದರೆ ಬಿಸಿಲಿಗೆ ತಲೆತಿರುಗಿ ಬಿದ್ದ ಮಕ್ಕಳು ನಮ್ಮ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಹೆಡ್ ಮಾಸ್ತರರು ಬದಲಾಗುವುದು ಹೊಸ ಮಾತಲ್ಲ. ಹೊಸಬರು ಬರುತ್ತಾರೆಂಬ ಸುದ್ದಿ ಸಿಕ್ಕರೆ ನಾವು ಅವರ ಊರು, ಮನೆತನ, ಸಿಟ್ಟು ಸೆಡವುಗಳನ್ನೆಲ್ಲ ಕೆದಕಲು ಶುರುಮಾಡುತ್ತಿದ್ದೆವು. ಸುಬೇದಾರರು ನೋಡುತ್ತಿದ್ದುದು ಒಂದನ್ನೇ. ಬಂದವರು ಮೊದಲು ಹೇಳುತ್ತಾರೋ, ಮೊದಲು ಕೇಳುತ್ತಾರೋ? ಶಿಗ್ಗಾಂವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಡ್ ಮಾಸ್ತರರು ಬಂದ ದಿನವೇ ಮಧ್ಯಾಹ್ನದ ಗಂಟೆಯಿಂದ ಹಿಡಿದು ನಲ್ಲಿಯ ಜಾಗದವರೆಗೆ ಎಲ್ಲವನ್ನೂ ಬದಲಿಸುವುದಾಗಿ ಭಾಷಣ ಮಾಡಿದರು. ಭಾಷಣ ಮುಗಿಯುವಷ್ಟರಲ್ಲಿ ನಮ್ಮ ಊಟದ ಹೊತ್ತು ಮೀರಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸುಬೇದಾರರು ಮೆಲ್ಲಗೆ, "ಇವ್ರು ಮುಂದಿನ ಮಗ್ಗಲಿಂದ ಏರೋ ಪೈಕಿ ಅದಾರ್ರಿ ಅಕ್ಕೋರ," ಎಂದರು. ಅದರ ಅರ್ಥ ನನಗೆ ಆಗ ಆಗಲಿಲ್ಲ. ಅವರ ಮಾತಿನಲ್ಲಿ ನಗೆ ಇತ್ತು, ಮುಖದಲ್ಲಿ ಇರಲಿಲ್ಲ.

ಅರ್ಥವಾದದ್ದು ಮುಂದಿನ ಮಳೆಗಾಲದಲ್ಲಿ. ಎಂಟನೆಯ ತರಗತಿಗೆ ಒಂದು ಹಳೆಯ ಯುದ್ಧದ ಪಾಠ ಮಾಡುತ್ತಿದ್ದೆ. ಸೋಲುತ್ತಿದ್ದ ಕಡೆಯವರು ಸೇನಾಪತಿಯನ್ನು ಬದಲಿಸಿದರು, ಹೊಸ ಸೇನಾಪತಿ ತಂತ್ರ ಬದಲಿಸಿದ, ಯುದ್ಧದ ಗತಿ ಬದಲಾಯಿತು ಎಂದು ಪುಸ್ತಕದಲ್ಲಿ ಇತ್ತು. ಒಬ್ಬಳು ಹುಡುಗಿ ಎದ್ದು, ಹಾಗಿದ್ದರೆ ಎರಡನೆಯವನನ್ನೇ ಮೊದಲು ಯಾಕೆ ಕಳಿಸಲಿಲ್ಲ ಎಂದು ಕೇಳಿದಳು. ತರಗತಿ ಗೊಳ್ಳೆಂದಿತು, ನಾನೂ ನಕ್ಕುಬಿಟ್ಟೆ. ಆ ನಗೆಯನ್ನು ಹಾಗೇ ಸ್ಟಾಫ್ ರೂಮಿಗೆ ತಂದು, ಚುರುಮುರಿ ತಿನ್ನುತ್ತಾ ಕೂತಿದ್ದವರ ಮುಂದೆ ಸುರುವಿದೆ. ಎಲ್ಲರೂ ನಕ್ಕರು. ಸುಬೇದಾರರು ನಗಲಿಲ್ಲ.

ಉಳಿದವರು ಗಂಟೆ ಬಾರಿಸಿತೆಂದು ಎದ್ದು ಹೋದ ಮೇಲೆ ಅವರು ಪೇಪರಿನ ಮೇಲೆ ಉಳಿದಿದ್ದ ಚುರುಮುರಿಯನ್ನು ಎರಡೂ ಕೈಯಿಂದ ಒಟ್ಟಿ ಗುಡ್ಡ ಮಾಡಿದರು. ಸಹೋದ್ಯೋಗಿಯೊಬ್ಬರು ತಂದಿದ್ದ ಸವಣೂರಿನ ಖಾರಾದಿಂದ ಶೇಂಗಾಕಾಳು ಆರಿಸಿ ಗುಡ್ಡದ ನೆತ್ತಿಯ ಮೇಲೆ ಇಟ್ಟರು. ಅವು ವೈರಿಯ ಬಂಕರುಗಳಂತೆ. ಕೆಳಗೆ ಪೇಪರಿನ ಅಂಚಿನಲ್ಲಿ ಇವರ ಕಂಪನಿ. ಗಡಿಯ ಆ ಯುದ್ಧದಲ್ಲಿ ಅವರು ಹವಾಲ್ದಾರರಾಗಿದ್ದರು. ನಮ್ಮ ಸೀಮೆಯವನೆಂದರೆ ಆ ಕಂಪನಿಯಲ್ಲಿ ಇನ್ನೊಬ್ಬನೇ ಇದ್ದ, ಯಲವಿಗಿಯ ಒಬ್ಬ ಎಳೆಯ ಜವಾನ. ಸಂಜೆ ಇಬ್ಬರೂ ಒಂದು ಕಡೆ ಕೂತು ರೊಟ್ಟಿಯ ನೆನಪು ತೆಗೆಯುತ್ತಿದ್ದರಂತೆ.

ಆಗ ಪಲ್ಟನ್ನಿನ ಸಾಹೇಬರು, ಅಂದರೆ ಕಮಾಂಡರು, ಬಹಳ ದೊಡ್ಡ ಮನಸ್ಸಿನವರು. ಜವಾನರ ಜೊತೆ ಊಟ, ಜವಾನರ ಜೊತೆ ಹಾಡು. ಚಳಿಯಲ್ಲಿ ನಡುಗುತ್ತಿದ್ದವನಿಗೆ ತಮ್ಮ ಹೊದಿಕೆಯನ್ನೇ ಕೊಟ್ಟುಬಿಡುವವರು. ಗುಡ್ಡ ಬೇಗ ಹಿಡಿಯಬೇಕೆಂದು ಮೇಲಿನಿಂದ ಒತ್ತಾಯ ಇತ್ತು. ಮುಂದಿನ ಮಗ್ಗುಲು ಹತ್ತಿರದ ದಾರಿ, ನೇರವಾಗಿ ಏರಿಬಿಡೋಣ ಎಂದರು. ಹೇಳಿ ಹಿಂದೆ ಉಳಿಯಲಿಲ್ಲ, ತಾವೇ ಮುಂದೆ ಹೊರಟರು. ಮೇಲಿದ್ದವರಿಗೆ ಇವರೆಲ್ಲ ಬಯಲಿನಲ್ಲಿ ಕಂಡಂತೆ ಕಂಡರು. ನೆತ್ತಿಯ ಎರಡೂ ಬದಿಯಿಂದ ಗುಂಡು ಬಂತು. ಸಾಹೇಬರ ತೋಳಿಗೆ ಪೆಟ್ಟಾಯಿತು. ಯಲವಿಗಿಯ ಹುಡುಗ ಎಲ್ಲರಿಗಿಂತ ಮೇಲೆ ಹೋಗಿ ಅಲ್ಲೇ ಬಿದ್ದ.

ಸಾಹೇಬರನ್ನು ಅಲ್ಲಿಂದ ತೆಗೆದು ಬೇರೆಯವರನ್ನು ಕಳಿಸಿದರು. ಬಂದವರು ಕನ್ನಡಕದ ಸಣಕಲು ಮನುಷ್ಯ, ಸದಾ ನೆಗಡಿ. ನಗುತ್ತಿರಲಿಲ್ಲ, ಯಾರ ಹೆಗಲ ಮೇಲೂ ಕೈ ಇಡುತ್ತಿರಲಿಲ್ಲ. ಅವರ ಮೊದಲ ಆಜ್ಞೆ, ಯಾರೂ ಮೇಲೆ ಹೋಗಬಾರದು. ತಮ್ಮವರ ಸೇಡು ತೀರಿಸಲು ಹಲ್ಲು ಕಡಿಯುತ್ತಿದ್ದ ಜವಾನರಿಗೆ ಇದು ಹೇಡಿತನ ಅನ್ನಿಸಿತು. ಹೊಸ ಸಾಹೇಬರು ಮಣ್ಣಿನಿಂದ ಆ ಗುಡ್ಡದ ಮಾದರಿ ಮಾಡಿಸಿದರು. ಮೇಲಿಂದ ಜೀವಂತ ವಾಪಸು ಬಂದವರನ್ನು ಒಬ್ಬೊಬ್ಬರನ್ನಾಗಿ ಕರೆದು, ನೀನು ಎಲ್ಲಿ ಇದ್ದೆ, ನಿನ್ನ ಪಕ್ಕದವನು ಎಲ್ಲಿ ಬಿದ್ದ, ಗುಂಡು ಯಾವ ಕಡೆಯಿಂದ ಬಂತು ಎಂದು ಕೇಳಿದರು. ಬಿದ್ದವರ ಜಾಗದಲ್ಲೆಲ್ಲ ಒಂದೊಂದು ಹರಳು ಇಡಿಸಿದರು. ಯಲವಿಗಿಯವನ ಹರಳನ್ನು ಇಟ್ಟದ್ದು ನಮ್ಮ ಸುಬೇದಾರರ ಕೈ. ಆ ಹರಳುಗಳನ್ನು ನೋಡುತ್ತಾ ಸಾಹೇಬರು ಸುಮಾರು ಹೊತ್ತು ಕೂತರಂತೆ. ಆಮೇಲೆ ತೋಪುಗಳು ಹತ್ತಿರಕ್ಕೆ ಬಂದವು, ದಿನಗಟ್ಟಲೆ ನೆತ್ತಿಯ ಮೇಲೆ ಹೊಡೆದವು. ಮುಂದಿನ ಮಗ್ಗುಲಲ್ಲಿ ಬರೀ ಸದ್ದು ಮಾಡಿಸಿ, ಏರಲು ಬಾರದ ಕಡಿದಾದ ಹಿಂದಿನ ಮಗ್ಗುಲಿಂದ ಹಗ್ಗ ಹಾಕಿಸಿ ಏರಿಸಿದರು. ಗುಡ್ಡ ಕೈಗೆ ಬಂತು. ಆ ಸಲ ಸುಬೇದಾರರ ತುಕಡಿಯಲ್ಲಿ ಹೋದವರೆಲ್ಲ ಇಳಿದು ಬಂದರು.

"ಗುಡ್ಡ ಅದ, ಬಂದೂಕು ಅವ, ನಾವೂ ಅವರ," ಎಂದರು ಸುಬೇದಾರರು, ಚುರುಮುರಿಯ ಗುಡ್ಡವನ್ನು ನೋಡುತ್ತಾ. "ಸಾಹೇಬ್ರು ಅಷ್ಟ ಬ್ಯಾರೆ. ಮೊದಲಿನವ್ರು ನಮ್ಮ ಜೋಡಿ ಸಾಯಾಕ ತಯಾರಿದ್ರು. ಎರಡನೇದವ್ರು ನಮ್ಮನ್ನ ಸಾಯಾಕ ಬಿಡಾಕ ತಯಾರಿದ್ದಿಲ್ಲ. ನಾವು ಜೀವ ಇಟ್ಟಿದ್ದು ಮೊದಲಿನವ್ರ ಮ್ಯಾಲ."

ನಾನು ಇತಿಹಾಸದವಳು, ಸುಮ್ಮನಿರಲು ಆಗಲಿಲ್ಲ. ಮೊದಲಿನವರು ಎಡವಿದ್ದರಿಂದಲೇ ಎರಡನೆಯವರಿಗೆ ದಾರಿ ಗೊತ್ತಾಯಿತಲ್ಲ, ಆ ಹರಳುಗಳು ಇಲ್ಲದಿದ್ದರೆ ಅವರಾದರೂ ಏನು ನೋಡುತ್ತಿದ್ದರು ಎಂದು ವಾದಿಸಿದೆ. ಅವರು ಒಂದು ಶೇಂಗಾಕಾಳು ಎತ್ತಿ ಮತ್ತೆ ಅಲ್ಲೇ ಇಟ್ಟರು. ಅದೂ ಖರೆ ಎಂದರು. ಆದರೆ ಆ ಎರಡನೆಯ ಮನುಷ್ಯ ನೋಡದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ, ಅದು ಅವರ ಸ್ವಭಾವ ಎಂದರು. ಆಮೇಲೆ ಪೇಪರನ್ನು ಮಡಚಿ ಎತ್ತಿಕೊಂಡು ಹೋದರು. ಇದನ್ನು ಹೊರಗೆ ಯಾರ ಮುಂದೂ ಆಡಬೇಡಿ ಎಂದು ಬಾಗಿಲಲ್ಲಿ ತಿರುಗಿ ಹೇಳಿದರು. ತನ್ನ ಸಾಹೇಬರ ತಪ್ಪನ್ನು ಪಲ್ಟನ್ನಿನ ಆಚೆ ಯಾರಿಗೂ ಹೇಳಬಾರದು ಎನ್ನುವುದು ಅವರಲ್ಲಿ ಬರೆದಿಡದ ಕಟ್ಟಳೆ. ಮೇಲಾಗಿ ಆ ಮೊದಲಿನ ಸಾಹೇಬರು ಇವರ ಮಗಳ ಮದುವೆಗೆ ಎಲ್ಲಿಂದಲೋ ಹಂಸಭಾವಿಯವರೆಗೆ ಬಂದು, ಪಂಕ್ತಿಯಲ್ಲಿ ಕೂತು ಉಂಡು ಹೋಗಿದ್ದರು.

ಗುಡ್ಡ ಕೈಗೆ ಬಂದ ಮೇಲೆ ಯಲವಿಗಿಗೆ ಆ ಹುಡುಗನ ದೇಹವನ್ನು ತಂದವರು ಸುಬೇದಾರರೇ. ಅಂದಿನಿಂದ ವರ್ಷಕ್ಕೊಮ್ಮೆ ಅವನು ಹೋದ ದಿನದ ಸುಮಾರಿಗೆ ಅವನ ತಾಯಿಯನ್ನು ನೋಡಿಬರುತ್ತಿದ್ದರು. ನನಗೆ ಸವಣೂರಿನಲ್ಲಿ ಒಂದು ಮದುವೆ ಇದ್ದ ವರ್ಷ ಜೊತೆಗೆ ಹೋದೆ. ಮದುವೆ ಊಟ ಮುಗಿಸಿ ಇಬ್ಬರೂ ಯಲವಿಗಿಯ ಬಸ್ಸು ಹಿಡಿದೆವು. ರೈಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮನೆ. ಹೊಲ ಮಾಡಿಕೊಂಡಿರುವ ಹಿರಿಯ ಮಗ, ಸೊಸೆ, ಮೊಮ್ಮಕ್ಕಳು. ತುಂಬಿದ ಮನೆ. ಅಜ್ಜಿ ಮಾತ್ರ ಯಾರಿಗೂ ಸೇರದವಳ ಹಾಗೆ ಗೋಡೆಗೆ ಒರಗಿ ಕೂತಿದ್ದಳು. ಸುಬೇದಾರರು ಕಾಲು ಮುಟ್ಟಿ ನಮಸ್ಕರಿಸಿದರು. ಅವಳು ಎಂದಿನಂತೆ, ನನ್ನ ಮಗ ಯಾಕೆ ಹೋದ ಎಂದಳು. ಇವರು ಎಂದಿನಂತೆ, ಹಣೆಬರಹ ಅವ್ವ, ಯಾರ ಕೈಯಾಗ ಏನೈತಿ ಎಂದರು. ವರ್ಷ ವರ್ಷವೂ ಅವರ ನಡುವೆ ಆಗುತ್ತಿದ್ದ ಮಾತು ಅಷ್ಟೇ ಅಂತೆ.

ಚಹಾಕ್ಕೆ ಸೊಸೆ ಒಲೆ ಹಚ್ಚಿದಾಗ ಅಜ್ಜಿ ನನ್ನನ್ನು ಒಳಗೆ ಕರೆದಳು. ಹೆಂಗಸೆಂದೋ ಹೊಸಬಳೆಂದೋ, ನನ್ನ ಕೈ ಹಿಡಿದು ಕೂತು ಒಂದು ಹರಕೆಯ ಮಾತು ತೆಗೆದಳು. ಮಗನಿಗೆ ಸೇನೆಯಲ್ಲಿ ನೌಕರಿ ಸಿಕ್ಕರೆ ಅವನನ್ನು ಕರೆದುಕೊಂಡು ಹುಲಗೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸುತ್ತೇನೆ, ಅಂದರೆ ಸಕ್ಕರೆ ಇಟ್ಟು ಪ್ರಾರ್ಥನೆ ಹೇಳಿಸಿ ಹಂಚುತ್ತೇನೆ ಎಂದು ಬೇಡಿಕೊಂಡಿದ್ದಳಂತೆ. ನೌಕರಿ ಸಿಕ್ಕಿತು. ರಜೆಗೆ ಬಂದಾಗ ಒಮ್ಮೆ ಬಿತ್ತನೆ, ಒಮ್ಮೆ ಮನೆಯಲ್ಲಿ ಬಾಣಂತನ. ಹುಲಗೂರು ಎಲ್ಲಿ ಓಡಿಹೋಗುತ್ತದೆ, ಮುಂದಿನ ಸಲ ಹೋಗೋಣ ಎಂದು ಮಗ ನಗುತ್ತಾ ಹೊರಟ. ಆ ಮುಂದಿನ ಸಲ ಬರಲಿಲ್ಲ. "ನಾ ಕೊಟ್ಟ ಮಾತು ನಾ ನಡಸಲಿಲ್ಲ ತಂಗಿ, ಅದಕ್ಕ ದರ್ಗಾದ ದೇವ್ರು ಅವನ್ನ ಕಸಗೊಂಡ್ರು," ಎಂದಳು. "ಸುಬೇದಾರಂಗೂ ಇದು ಗೊತ್ತೈತಿ ಕಾಣಸ್ತೈತಿ. ನನ್ನ ಮ್ಯಾಲ ಕರುಣಾ ಇಟ್ಟು ಬಾಯಿ ಬಿಡೂದಿಲ್ಲ. ಹಣೆಬರಹ ಅಂದು ಸುಮ್ಮನಾಗ್ತಾನ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಇದನ್ನು ಸುಬೇದಾರರಿಗೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಅವರ ಮುಖ ನೋಡಿದ ಮೇಲೆ ಅನ್ನಿಸಿತು. ಸಮಾಧಾನಕ್ಕೆಂದು ಅವರು ವರ್ಷವರ್ಷವೂ ಹೇಳಿಕೊಂಡು ಬಂದ ಒಂದು ಶಬ್ದ ಆ ತಾಯಿಯ ಎದೆಯಲ್ಲಿ ಆರೋಪದಂತೆ ಕೂತಿತ್ತು. ತನ್ನ ಸಾಹೇಬರ ಮಾನ ಕಾಯಲು ಹೋಗಿ ಅವರು ಏನೂ ಅರಿಯದ ಒಬ್ಬ ಮುದುಕಿಯ ತಲೆಯ ಮೇಲೆ ಮಗನ ಸಾವನ್ನು ಹೊರಿಸಿದ್ದರು. ಮರುದಿನ ಮೈದಾನದಲ್ಲಿ ಮಕ್ಕಳಿಗೆ ಬಲಕ್ಕೆ ತಿರುಗಿ ಎನ್ನುವಲ್ಲಿ ಎಡಕ್ಕೆ ತಿರುಗಿ ಎಂದರು, ಮಕ್ಕಳು ಅರ್ಧ ಅತ್ತ ಅರ್ಧ ಇತ್ತ ತಿರುಗಿ ನಿಂತವು.

ಕೆಲವು ವಾರ ಕಳೆದವು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರು ನನ್ನ ತರಗತಿಯ ಬಾಗಿಲಿಗೆ ಬಂದು ನಿಂತರು. ಮೊದಲಿನ ಸಾಹೇಬರಿಗೆ ಫೋನ್ ಮಾಡಿದ್ದೆ ಎಂದರು. ಆ ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕಾಗಿದೆ, ತಮ್ಮ ಅಪ್ಪಣೆ ಬೇಕು ಎಂದು ಕೇಳಿದರಂತೆ. ಹೇಳು, ನನ್ನ ಹೆಸರು ಹಿಡಿದೇ ಹೇಳು ಎಂದರಂತೆ ಸಾಹೇಬರು. ಇಷ್ಟು ಹೇಳಿ ಸುಬೇದಾರರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾಳೆ ಯಲವಿಗಿಗೆ ನೀವೂ ಬರಬೇಕು ಅಕ್ಕೋರ, ಒಬ್ಬನಿಗೆ ಆಗುವುದಿಲ್ಲ ಎಂದರು. ವೈರಿಯ ಗುಂಡಿನೆದುರು ಹೋದ ಮನುಷ್ಯ ಒಬ್ಬ ಮುದುಕಿಯ ಮುಂದೆ ಹೋಗಲು ಜೊತೆ ಕೇಳುತ್ತಿದ್ದರು. ನನಗೆ ಅವರ ಮೇಲೆ ಇದ್ದ ಗೌರವ ಆ ಹೊತ್ತು ಇಮ್ಮಡಿಯಾಯಿತು ಎಂದರೆ ಹೆಚ್ಚಲ್ಲ.

ವರ್ಷದ ನಡುವೆ ಬಂದದ್ದನ್ನು ಕಂಡು ಅಜ್ಜಿಗೆ ಆಶ್ಚರ್ಯವಾಯಿತು. ಸೊಸೆ ಚಾಪೆ ಹಾಸಿದರೂ ಸುಬೇದಾರರು ಅದರ ಮೇಲೆ ಕೂರಲಿಲ್ಲ, ಅಜ್ಜಿಯ ಎದುರು ಬರೀ ನೆಲಕ್ಕೆ ಕೂತರು. ಗುಡ್ಡದ ಕಥೆಯನ್ನು ಶುರುವಿನಿಂದ ಹೇಳಿದರು. ನನ್ನ ಮುಂದೆ ಹೇಳಿದ್ದಕ್ಕಿಂತ ನಿಧಾನವಾಗಿ, ಹೊಲದ ಬದುವು, ಏರಿ, ಹಳ್ಳ ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ. ಮೊದಲಿನ ಸಾಹೇಬರ ಹೆಸರು ಹೇಳಿದರು. ಅವರು ಒಳ್ಳೆಯವರೆಂದೂ ಹೇಳಿದರು, ಅವಸರ ಮಾಡಿದರೆಂದೂ ಹೇಳಿದರು. ಎರಡನೆಯವರು ಬಂದದ್ದು, ತಡೆದದ್ದು, ಕೇಳಿದ್ದು, ಹಿಂದಿನಿಂದ ಏರಿಸಿದ್ದು ಎಲ್ಲ ಹೇಳಿದರು. ಹಿರಿಯ ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಎಲ್ಲ ಕೇಳಿಸಿಕೊಂಡು ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. "ಆ ಎರಡನೇ ಸಾಹೇಬ್ರು ಮೊದ್ಲ ಬಂದಿದ್ರ ನನ್ನ ಮಗ ಉಳೀತಿದ್ದನೇನು?"

ಸ್ಟಾಫ್ ರೂಮಿನಲ್ಲಿ ನಾನು ಮಾಡಿದ್ದ ವಾದ ನೆನಪಾಯಿತು. ಹೇಳಲು ಬರುವುದಿಲ್ಲ ಅವ್ವ, ಯುದ್ಧ ಅಂದರೆ ಹಾಗೇ ಎಂದು ಅವರು ಜಾರಿಕೊಳ್ಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಒಳಗೊಳಗೇ, ಹಾಗೇ ಹೇಳಲಿ ಎಂದು ನಾನು ಬಯಸಿದೆ.

"ಉಳೀತಿದ್ದ, ಯವ್ವಾ," ಎಂದರು ಸುಬೇದಾರರು. "ನನ್ನ ಜೋಡಿ ಇಳದು ಬರ್ತಿದ್ದ."

"ಹಂಗಾದ್ರ ನಾ ಸಕ್ಕರಿ ಓದಿಸಿದ್ರ?"

"ಓದಿಸಿದ್ರೂ ಅವತ್ತ ಹೋಗ್ತಿದ್ದ. ಹುಕುಂ ಹಂಗಿತ್ತು. ನಿಂದೇನೂ ಇಲ್ಲ ಯವ್ವಾ ಇದರಾಗ. ನಾ ಮೊದ್ಲ ಹೇಳಬೇಕಾಗಿತ್ತು."

ಅಜ್ಜಿ ಅವರನ್ನೇ ನೋಡುತ್ತಾ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಅವರಿಗೂ ಹಗುರವಾಗುತ್ತಿತ್ತೇನೋ. ಮಗ ಎರಡು ಹೆಜ್ಜೆ ಮುಂದೆ ಬಂದ, ಅವಳು ಕೈಯಿಂದಲೇ ಅವನನ್ನು ತಡೆದಳು. ಆಮೇಲೆ ಅವಳ ಗಂಟಲಿನಿಂದ ಒಂದು ದನಿ ಹೊರಟಿತು. ಮೊದಲು ಅದು ಅಳು ಎಂದು ನನಗೆ ಗೊತ್ತಾಗಲಿಲ್ಲ. ಸತ್ತು ಎಷ್ಟೋ ವರ್ಷವಾದವನಿಗೆ ಯಾರೂ ಹಾಗೆ ಅಳುವುದಿಲ್ಲ, ಇವತ್ತು ಬೆಳಿಗ್ಗೆ ಹೋದವನಿಗೆ ಅಳುತ್ತಾರೆ. ಹೆಸರು ಹಿಡಿದು, ಅವನ ನಡಿಗೆ, ಅವನ ಹಟ, ಅವನು ಉಣ್ಣುತ್ತಿದ್ದ ಬಗೆ ಎಲ್ಲವನ್ನೂ ಎತ್ತಿ ಆಡುತ್ತಾ ಅತ್ತಳು. ಸೊಸೆ ಓಡಿಬಂದು ನೀರಿನ ಚೆಂಬು ಹಿಡಿದು ನಿಂತಳು. ನಾನು ಎದ್ದು ಅಜ್ಜಿಯ ಬೆನ್ನು ಸವರಲು ಹೋದೆ.

"ಬ್ಯಾಡ ತಂಗಿ," ಎಂದಳು ಅಜ್ಜಿ. ನನಗೆ ಹೇಳಿ ಸುಬೇದಾರರ ಕಡೆ ತಿರುಗಿದಳು. "ಇಷ್ಟು ವರ್ಷ ನಾ ನನ್ನ ತಪ್ಪಿಗೆ ಅಂಜಿ ಅಳತಿದ್ನೋ ತಮ್ಮಾ. ಅವನ ಸಲುವಾಗಿ ಅತ್ತೇ ಇಲ್ಲ. ಈಗ ಅಳಾಕತ್ತೇನಿ, ಅಳಾಕ ಬಿಡು."

ಸುಬೇದಾರರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಅವಳ ಎದುರು ನೆಲದ ಮೇಲೆ ಹಾಗೇ ಕೂತರು, ಅವಳ ಅಳು ತಾನಾಗಿ ಮುಗಿಯುವವರೆಗೆ.